ತೊಂಬತ್ತೇಳರಲ್ಲಿ ನಿಂತ ದೋಣಿ

ನೀಲಿ ಪಟ್ಟಿ ಸ್ಕ್ರೀನಿನ ಎಡದಿಂದ ಬಲಕ್ಕೆ ತುಂಬುತ್ತ ಬಂದು ಶೇಕಡಾ ತೊಂಬತ್ತೇಳಕ್ಕೆ ನಿಂತುಬಿಟ್ಟಿತ್ತು. ನಿನ್ನೆಯೂ ಅಲ್ಲಿಗೇ ನಿಂತಿತ್ತು. ಪಟ್ಟಿಯ ಕೆಳಗೆ ಒಂದು ಸಣ್ಣ ಸಾಲು: 'ಒಂದು ಫೈಲನ್ನು ಮತ್ತೆ ಓದಲಾಗುತ್ತಿದೆ'.

ಅನಸೂಯಾ ಕೊಣ್ಣೂರ ಚಪ್ಪಲಿ ಬಿಡುವ ಮೊದಲೇ ಪಡಸಾಲೆಯ ಮೂಲೆಯ ಕಂಪ್ಯೂಟರಿನತ್ತ ಕಣ್ಣು ಹಾಯಿಸಿದಳು. ಹೆಗಲ ಚೀಲವನ್ನು ಕುರ್ಚಿಯ ಮೇಲೆ ಎಸೆದಳು. ದಿನವಿಡೀ ಫೋನಿನಲ್ಲಿ ಕೂತು ಊರವರಿಗೆಲ್ಲ ಇದೇ ತೊಂದರೆಯನ್ನು ಬಿಡಿಸಿಕೊಟ್ಟು ಸಂಬಳ ತರುವವಳ ಮನೆಯಲ್ಲೇ ಅದು ಬಿಡಿಸಲಾಗದ ಗಂಟಾಗಿ ಕೂತಿತ್ತು.

ಗಂಡನ ಅಕ್ಕ ಗಂಗಕ್ಕ ಅಡುಗೆಮನೆಯಿಂದ ಇಣುಕಿ, ಇವತ್ತೂ ನಿಂತೈತೇನು ಎಂದು ಕೇಳಿದಳು. ಬೆಳಿಗ್ಗೆಯಿಂದ ಅನಸೂಯಾ ಕೆಲಸದಿಂದ ಮರಳುವವರೆಗೆ ತಮ್ಮನನ್ನು ನೋಡಿಕೊಳ್ಳಲು ಅವಳು ಕೇಶ್ವಾಪುರದಿಂದ ಬಸ್ಸು ಹತ್ತಿ ಬರುತ್ತಿದ್ದಳು.

"ನಿಂತೈತ್ರಿ ಅಕ್ಕಾರ. ನೀವು ಯಾರರ ಮುಟ್ಟಿದ್ರೇನು?"

"ನಾ ಯಾಕ ಮುಟ್ಲಿ? ನನಗ ಟಿವಿ ರಿಮೋಟ ನೆಟ್ಟಗ ಒತ್ತಾಕ ಬರಂಗಿಲ್ಲ," ಎಂದು ಗಂಗಕ್ಕ ಒಳಗೆ ಸರಿದಳು.

ಶ್ರೀಶೈಲ ಕಿಟಕಿಯ ಪಕ್ಕದ ಆರಾಮಕುರ್ಚಿಯಲ್ಲಿದ್ದ. ಹೆಂಡತಿಯನ್ನು ನೋಡಿ ನಕ್ಕ. ನಗು ಮುಖದ ಎಡಭಾಗದಲ್ಲಿ ಮೊದಲು ಮೂಡಿ, ಬಲಭಾಗಕ್ಕೆ ಸ್ವಲ್ಪ ತಡವಾಗಿ ತಲುಪಿತು. ಅವನು ಸ್ನಾನ ಮುಗಿಸಿ ಅಂಗಿ ತೊಟ್ಟುಕೊಳ್ಳುತ್ತಿದ್ದ. ಎಡಗೈಯೊಂದರಿಂದಲೇ ಮೂರನೆಯ ಗುಂಡಿಯನ್ನು ಕಾಜಿನೊಳಗೆ ತೂರಿಸಲು ಹೆಣಗುತ್ತಿದ್ದ. ಅನಸೂಯಾ ಹೋಗಿ ಉಳಿದ ಗುಂಡಿಗಳನ್ನು ಪಟಪಟನೆ ಹಾಕಿ ಕಾಲರು ಸರಿಮಾಡಿದಳು. ಅವನ ಎಡಗೈ ಗಾಳಿಯಲ್ಲಿ ಹಾಗೇ ಸ್ವಲ್ಪ ಹೊತ್ತು ನಿಂತು ತೊಡೆಯ ಮೇಲೆ ಇಳಿಯಿತು. ಅವಳು ಅದನ್ನು ಗಮನಿಸಲಿಲ್ಲ. ಅವಳ ಮನಸ್ಸು ತೊಂಬತ್ತೇಳರಲ್ಲಿತ್ತು.

*

ಕಂಪ್ಯೂಟರಿನಲ್ಲಿದ್ದ ತಂತ್ರಾಂಶದ ಹೆಸರು 'ಅಂಗಳ'. ಗೇಮು ಕೊಳ್ಳುವುದು, ಇಳಿಸಿಕೊಳ್ಳುವುದು, ಆಡುವುದು ಎಲ್ಲ ಅದರ ಮೂಲಕವೇ. ನೂರಾರು ಗೇಮುಗಳಲ್ಲಿ ಈ ಮನೆಯಲ್ಲಿ ಆಡಿದ್ದು ಒಂದನ್ನೇ: 'ಕಡವು'. ಅಗಲವಾದ ಒಂದು ಹೊಳೆ, ಒಂದು ದೋಣಿ, ಇಬ್ಬರು ಆಟಗಾರರು. ಒಬ್ಬರು ಹುಟ್ಟು ಹಾಕಬೇಕು, ಇನ್ನೊಬ್ಬರು ಚುಕ್ಕಾಣಿ ಹಿಡಿಯಬೇಕು. ಈಚೆ ದಡದ ಜನರನ್ನು, ಕುರಿಗಳನ್ನು, ಕೆಲವೊಮ್ಮೆ ಮದುವೆಯ ದಿಬ್ಬಣವನ್ನು ಆಚೆ ದಡಕ್ಕೆ ದಾಟಿಸಬೇಕು. ಗೆಲ್ಲುವುದು ಸೋಲುವುದು ಅದರಲ್ಲಿ ಹೆಚ್ಚೇನಿಲ್ಲ. ಒಬ್ಬರ ಕೈ ಇನ್ನೊಬ್ಬರಿಗೆ ತಿಳಿದಿದ್ದರೆ ದೋಣಿ ನೆಟ್ಟಗೆ ಹೋಗುತ್ತದೆ, ಅಷ್ಟೇ.

ಜೊತೆಯವರು ಇಲ್ಲದಾಗ ಏನು ಮಾಡುವುದು ಎಂಬ ಪ್ರಶ್ನೆಗೆ ಗೇಮು ಮಾಡಿದವರು ಕಂಡುಕೊಂಡ ಉತ್ತರ 'ನೆರಳು'. ಕಂಟ್ರೋಲರಿನ ಮೇಲೆ ಹೆಬ್ಬೆರಳು ಎಷ್ಟು ಒತ್ತುತ್ತದೆ, ಎಲ್ಲಿ ಅನುಮಾನಿಸುತ್ತದೆ, ಸುಳಿ ಕಂಡಾಗ ಎಷ್ಟು ಹೊತ್ತು ತಡೆದು ತಿರುಗುತ್ತದೆ ಎಂಬುದನ್ನೆಲ್ಲ ಅದು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಆಟಗಾರ ಬಾರದ ದಿನ ಅವನ ಆಸನದಲ್ಲಿ ಆ ನೆರಳು ಬಂದು ಕೂತು ಅವನಂತೆಯೇ ಆಡುತ್ತಿತ್ತು. ನೆರಳಿಗೆ ಮಾತಿಲ್ಲ, ನೆನಪಿಲ್ಲ. ಅದು ಕೈಯ ಅಭ್ಯಾಸ ಮಾತ್ರ, ವ್ಯಕ್ತಿಯಲ್ಲ ಎಂದು ಕಂಪನಿ ಒಪ್ಪಂದದಲ್ಲಿ ಸ್ಪಷ್ಟವಾಗಿ ಬರೆದಿತ್ತು. ಆದರೆ ಕೈಯ ಅಭ್ಯಾಸವೇ ಮನುಷ್ಯನಲ್ಲಿ ಎಷ್ಟು ದೊಡ್ಡ ಪಾಲು ಎಂಬುದು ಬರೆದವರಿಗೆ ಗೊತ್ತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಜನ ನೆರಳಿಗೆ ಒಗ್ಗಿಕೊಂಡಿದ್ದರು. ಗೋಕಾಕದ ಒಬ್ಬ ತಾಯಿ ಗಡಿಯಲ್ಲಿದ್ದ ಸೈನಿಕ ಮಗನ ನೆರಳಿನೊಡನೆ ಸಂಜೆಗೊಮ್ಮೆ ಹೊಳೆ ದಾಟದೆ ಊಟಕ್ಕೆ ಏಳುತ್ತಿರಲಿಲ್ಲ. ತೀರಿಹೋದವರ ವರ್ಷದ ದಿನ ಫೋಟೋಕ್ಕೆ ಮಾಲೆ ಹಾಕಿ, ಎದುರಿಗೆ ಅವರ ದೋಣಿಯನ್ನು ಓಡಿಸಿಡುವ ಮನೆಗಳೂ ಇದ್ದವು.

ಇಂಥವರ ಫೋನುಗಳು ಹುಬ್ಬಳ್ಳಿಯ ವಿಮಾನ ನಿಲ್ದಾಣದ ರಸ್ತೆಯಲ್ಲಿದ್ದ ಸಹಾಯ ಕೇಂದ್ರಕ್ಕೆ ಬರುತ್ತಿದ್ದವು. ಅನಸೂಯಾಳ ಮೇಜು ಅಲ್ಲಿತ್ತು. ಈ ವಾರ ಬಂದ ಕರೆಗಳೆಲ್ಲ ಒಂದೇ ಬಗೆಯವು. ಹಳೆಯ ಸರ್ವರುಗಳನ್ನು ಕಂಪನಿ ಶನಿವಾರ ನಿಲ್ಲಿಸಲಿತ್ತು. ಅಷ್ಟರೊಳಗೆ ಪರಿಶೀಲನೆ ಮುಗಿಸಿದ ದೋಣಿಗಳು ಮಾತ್ರ ಹೊಸ ಸರ್ವರಿಗೆ ಹೋಗುತ್ತವೆ, ಉಳಿದವು ಅಲ್ಲಿಗೆ ಮುಗಿದಂತೆ. ಎಲ್ಲರೂ ಒಮ್ಮೆಗೇ ಮುಗಿಬಿದ್ದಿದ್ದರಿಂದ ಊರೂರಿಗೆ ಹೊತ್ತು ಹಂಚಿದ್ದರು. ನಲ್ಲಿ ನೀರಿಗೆ ಪಾಳಿ ಕಾದು ರೂಢಿಯಿದ್ದ ಹುಬ್ಬಳ್ಳಿಯ ಜನ ಇದಕ್ಕೇನೂ ಬೇಸರಿಸಲಿಲ್ಲ. ಹುಬ್ಬಳ್ಳಿಯ ಪಾಳಿ ಬೆಳಿಗ್ಗೆಯಿಂದ ಮಧ್ಯಾಹ್ನ ಒಂದರವರೆಗೆ.

ಪರಿಶೀಲನೆಯ ಕೆಲಸ ತಿಳಿಯುವುದು ಕಷ್ಟವಲ್ಲ. ಪ್ರತಿ ಫೈಲಿನ ಒಳಗಿರುವುದನ್ನೆಲ್ಲ ಲೆಕ್ಕ ಹಾಕಿ ಒಂದು ಉದ್ದನೆಯ ಸಂಖ್ಯೆಯನ್ನು ತೆಗೆಯುತ್ತಾರೆ. ಬೆರಳಚ್ಚು ಇದ್ದ ಹಾಗೆ. ಫೈಲಿನಲ್ಲಿ ಒಂದೇ ಒಂದು ಚುಕ್ಕೆ ಬದಲಾದರೂ ಸಂಖ್ಯೆ ಬೇರೆಯಾಗುತ್ತದೆ. ತಂತ್ರಾಂಶ ಮನೆಯ ಫೈಲಿನ ಸಂಖ್ಯೆಯನ್ನು ಸರ್ವರಿನಲ್ಲಿರುವ ಮೂಲ ಪ್ರತಿಯ ಸಂಖ್ಯೆಗೆ ಹೋಲಿಸಿ, ಹೊಂದದಿದ್ದರೆ ಯಾವುದನ್ನು ಉಳಿಸಿಕೊಳ್ಳಬೇಕೆಂದು ಆಟಗಾರನನ್ನು ಕೇಳುತ್ತದೆ. ಆದರೆ ಓದುತ್ತಿರುವಾಗಲೇ ಫೈಲು ಬದಲಾಗುತ್ತಿದ್ದರೆ ಸಂಖ್ಯೆ ಕೈಗೆ ಸಿಗುವುದಿಲ್ಲ. ಮತ್ತೆ ಓದುತ್ತದೆ. ಅದು ಮತ್ತೆ ಬದಲಾಗಿರುತ್ತದೆ. ಕೊನೆಗೆ ತಂತ್ರಾಂಶ ಸೋತು ಪಟ್ಟಿಯನ್ನು ಅಲ್ಲೇ ನಿಲ್ಲಿಸಿ ಕೂತುಬಿಡುತ್ತದೆ.

ಹಾಗಾಗಿ ಅನಸೂಯಾ ಕೇಳುತ್ತಿದ್ದ ಮೊದಲ ಪ್ರಶ್ನೆ ಎಲ್ಲರಿಗೂ ಒಂದೇ.

"ಗೇಮು ಪೂರ್ತಿ ಮುಚ್ಚೀರೇನ್ರಿ? ಬರೇ ಕೆಳಗ ಇಳಿಸಿದ್ರ ಆಗೂದಿಲ್ರಿ, ಹಿಂದ ನಡದಿರತೈತಿ. 'ಹೊರಗೆ' ಅನ್ನೂದನ್ನ ಒತ್ರಿ."

ಹತ್ತರಲ್ಲಿ ಒಂಬತ್ತು ಮಂದಿಗೆ ಇಷ್ಟೇ ಸಾಕಾಗುತ್ತಿತ್ತು. ಉಳಿದವರಿಗೆ ಡಿಸ್ಕಿನಲ್ಲಿ ಜಾಗ ಇದೆಯೇ, ವೈರಸ್ ತಡೆಯುವ ತಂತ್ರಾಂಶ ಅಡ್ಡ ಬಂದಿದೆಯೇ ಎಂದು ನೋಡಿಸುತ್ತಿದ್ದಳು. ಕರೆ ಮುಗಿಸಿದವರು ಬಾಯಿ ತುಂಬ ಹರಸುತ್ತಿದ್ದರು. ಅವಳು ಫೋನಿಟ್ಟು, ತನ್ನ ಮನೆಯಲ್ಲಿ 'ಕಡವು' ಮಾತ್ರ ಮುಚ್ಚದೆ ಹಿಂದೆ ನಡೆದೇ ಇದೆ ಎಂಬುದನ್ನು ಮರೆಯಲು ಯತ್ನಿಸುತ್ತಿದ್ದಳು.

ಅದು ಶ್ರೀಶೈಲ ಹಾಕಿಕೊಟ್ಟ ರೂಢಿ. ರೈಲ್ವೆ ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದ ಅವನು ಮನೆ ಬಿಡುವಾಗ 'ಬರ್ತೀನಿ' ಎಂದೇ ಹೊರಡುತ್ತಿದ್ದ. ಹೋಗುತ್ತೇನೆ ಎಂದು ಯಾರಾದರೂ ಹೇಳುತ್ತಾರೆಯೇ? ಗೇಮಿನಲ್ಲೂ ಹಾಗೆಯೇ. ಆಟ ಮುಗಿದಾಗ ದೋಣಿಯನ್ನು ಆಚೆ ದಡದ ಅತ್ತಿಮರಕ್ಕೆ ಕಟ್ಟಿ, ದೀಪ ಉರಿಯಲು ಬಿಟ್ಟು, ಸ್ಕ್ರೀನನ್ನಷ್ಟೇ ಆರಿಸುತ್ತಿದ್ದ. 'ಹೊರಗೆ' ಎಂಬ ಗುಂಡಿಯನ್ನು ಅವನು ಒತ್ತಿದವನಲ್ಲ. ಕರೆಂಟು ಹೋದರೂ ನಿಲ್ಲಬಾರದೆಂದು ಇನ್ವರ್ಟರ್ ತಂದಿದ್ದ. ಈ ಮನೆಗೆ ಬರುವಾಗ ಕಂಪ್ಯೂಟರ್ ಬಿಚ್ಚಲೇಬೇಕಾಗಿ ಬಂದು ಒಮ್ಮೆ ಮಾತ್ರ ಅದನ್ನು ಒತ್ತಿದ್ದರು, ಅದೂ ಅನಸೂಯಾ ಒತ್ತಿದ್ದು. ಅದಾದ ಮರುವಾರ ಅವನಿಗೆ ಲಕ್ವಾ ಹೊಡೆಯಿತು. ಮಿದುಳಿನ ಎಡಗಡೆ ಹೆಪ್ಪುಗಟ್ಟಿದ ರಕ್ತ ಬಲಗೈಯನ್ನೂ ಮಾತನ್ನೂ ಒಟ್ಟಿಗೆ ಕೊಂಡೊಯ್ದಿತು. ಮಾತು ಈಗೀಗ ತುಂಡುತುಂಡಾಗಿ ಮರಳುತ್ತಿತ್ತು. ಗುಂಡಿಗೂ ಲಕ್ವಾಕ್ಕೂ ಸಂಬಂಧವಿಲ್ಲವೆಂದು ವಿಜ್ಞಾನ ಓದಿದ ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಆ ಗುಂಡಿಯ ಮೇಲೆ ಮತ್ತೆ ಬೆರಳಿಡಲು ಅವಳಿಂದ ಆಗಿರಲಿಲ್ಲ.

ಈಗ ಅದಕ್ಕೊಂದು ಲೆಕ್ಕದ ಕಾರಣವೂ ಸೇರಿಕೊಂಡಿತ್ತು. ಒಮ್ಮೆ ಮುಚ್ಚಿದರೆ, ಪರಿಶೀಲನೆ ಮುಗಿಯದ ಹೊರತು ಗೇಮು ಮತ್ತೆ ತೆರೆಯುವುದಿಲ್ಲ. ಎಲ್ಲಿಯಾದರೂ ಹೆಚ್ಚುಕಡಿಮೆಯಾದರೆ ನೆರಳು ಶಾಶ್ವತವಾಗಿ ಒಳಗೇ ಉಳಿದುಹೋಗುತ್ತದೆ.

*

ಆ ನೆರಳಿನೊಡನೆ ಅವಳು ಆಡಲು ಶುರುಮಾಡಿ ವರ್ಷವಾಗಿತ್ತು. ಬೆಳಗಿನ ಜಾವ, ಹಾಲಿನವನು ಬರುವ ಮುಂಚೆ, ಶ್ರೀಶೈಲ ಒಳಗೆ ಮಲಗಿರುವಾಗ.

ಮೊದಲ ಸಲ ಕಂಡಾಗಲೇ ಅವಳು ಗುರುತಿಸಿದ್ದಳು. ಅದು ಅವನ ಕೈ. ಟನ್ನುಗಟ್ಟಲೆ ಭಾರವನ್ನು ಅಲುಗಾಡಿಸದೆ ಇಳಿಸುವ ಕೈ. ಬಂಡೆಗಳ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ಅವಳಿಗೆ ಹೆದರಿಕೆಯಾಗುತ್ತದೆಂದು ತಿಳಿದೇ ಅಲ್ಲಿಗೆ ದೋಣಿ ಒಯ್ಯುವ ಕಿಡಿಗೇಡಿತನ. ನಡುನೀರಿನಲ್ಲಿ ಸುಮ್ಮನೆ ಹುಟ್ಟು ಬಡಿದು ಅವಳ ಕಡೆ ನೀರು ಸಿಡಿಸುವುದು. ಮತ್ತೆ, ದಡ ಸಮೀಪಿಸಿದಾಗ ಒಂದರ ಬೆನ್ನಿಗೆ ಒಂದು ಎರಡು ಸಣ್ಣ ಏಟು, ಟಕ್ ಟಕ್ ಎಂದು ಬಾಗಿಲು ತಟ್ಟಿದ ಹಾಗೆ. ಆಟಕ್ಕೆ ಅದರಿಂದ ಏನೂ ಪ್ರಯೋಜನವಿಲ್ಲ. ಕಾರ್ಖಾನೆಯಿಂದ ಬಂದಾಗಲೂ ಅವನು ಕರೆಗಂಟೆ ಒತ್ತದೆ ಹೀಗೆಯೇ ಕದ ತಟ್ಟುತ್ತಿದ್ದ. ಆ ಎರಡು ಏಟು ಬಿದ್ದಾಗ ಅನಸೂಯಾ ಪ್ರತಿ ದಿನವೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅಷ್ಟಕ್ಕಾಗಿ ಅವಳು ಆ ಹೊತ್ತಿಗೆ ಏಳುತ್ತಿದ್ದಳು.

ಯುಗಾದಿಯ ಈಚೆಗೆ ನೆರಳು ಕೆಡತೊಡಗಿತು. ಹುಟ್ಟು ಒಮ್ಮೆ ಬಲವಾಗಿ, ಒಮ್ಮೆ ಏನೂ ಇಲ್ಲದಂತೆ ಬೀಳುತ್ತಿತ್ತು. ದೋಣಿ ದಡದಂಚಿನ ಜೊಂಡುಹುಲ್ಲಿಗೆ ನುಗ್ಗುತ್ತಿತ್ತು. ಇಕ್ಕಟ್ಟಿನ ದಾರಿಯಲ್ಲಿ ಬಂಡೆಗೆ ತಾಗಿ ಗಿರ್ರನೆ ತಿರುಗುತ್ತಿತ್ತು. ಅವಳು ಅಸಹನೆಯಿಂದ ಚುಕ್ಕಾಣಿಯನ್ನು ಎಳೆದು, ಹುಟ್ಟಿನ ತಪ್ಪನ್ನೆಲ್ಲ ತಾನೇ ತಿದ್ದಿ ದಡ ಮುಟ್ಟಿಸುತ್ತಿದ್ದಳು. ದಡದಲ್ಲಿ ಎರಡು ಏಟಿನ ಬದಲು ಒಂದೇ ಬೀಳತೊಡಗಿತು, ಎಷ್ಟೋ ದಿನ ಅದೂ ಇಲ್ಲ.

ಡಿಸ್ಕು ಹಾಳಾಗಿ ಫೈಲಿಗೆ ತೂತು ಬಿದ್ದಿರಬೇಕು ಎಂದುಕೊಂಡಳು. ಡಿಸ್ಕನ್ನು ತಪಾಸಣೆ ಮಾಡಿದರೆ ಅದು ಗಟ್ಟಿಯಾಗಿತ್ತು. ಆಗ ಈ ಪರಿಶೀಲನೆಯ ಸುದ್ದಿ ಬಂತು. ಅವಳಿಗೆ ಅದು ದೇವರು ಕೊಟ್ಟಂತೆ ಕಂಡಿತು. 'ಹೊರಗೆ' ಒತ್ತಿದಾಗ ಮಾತ್ರ ಫೈಲಿನ ಪ್ರತಿ ಸರ್ವರಿಗೆ ಹೋಗುತ್ತದೆ, ಪರಿಶೀಲನೆಯ ಈ ವಾರ ಅದೂ ಯಾವುದನ್ನು ಉಳಿಸಬೇಕೆಂದು ಹೇಳಿದ ಮೇಲೆಯೇ. ಅವರು ಕೊನೆಯ ಸಲ ಒತ್ತಿದ್ದು ಲಕ್ವಾ ಹೊಡೆಯುವ ಮುಂಚೆ. ಅಂದರೆ ಸರ್ವರಿನಲ್ಲಿರುವುದು ಹಳೆಯ ಶ್ರೀಶೈಲ, ಒಂದು ಏಟೂ ತಪ್ಪದವನು. ಎರಡೂ ಆಸನಗಳ ನೆರಳು ಒಂದೇ ಫೈಲಿನಲ್ಲಿರುವುದರಿಂದ ಮೂಲ ಪ್ರತಿ ತಂದರೆ ಈ ವರ್ಷ ತಾನು ಆಡಿದ್ದೂ ಅಳಿಸಿಹೋಗುತ್ತದೆ. ಹೋಗಲಿ, ತನ್ನದನ್ನು ಇಟ್ಟುಕೊಂಡು ಮಾಡುವುದೇನಿದೆ?

ಪರಿಶೀಲನೆ ಮುಗಿದು ಆ ಪ್ರಶ್ನೆ ಬಂದರೆ ಸಾಕಿತ್ತು. ಅದು ಬರುತ್ತಿರಲಿಲ್ಲ.

*

ಶನಿವಾರ ಬೆಳಿಗ್ಗೆ ಅವಳು ಸರ್ವರು ಕೋಣೆಯ ಬಾಗಿಲು ತಟ್ಟಿದಳು. ಅಲ್ಲಿನ ಮುಖ್ಯಸ್ಥ ರಜಾಕ್ ಸವಣೂರ ಅವಳಿಗಿಂತ ಹತ್ತು ವರ್ಷ ಹಿರಿಯ. ಶ್ರೀಶೈಲ ಆಸ್ಪತ್ರೆಯಲ್ಲಿದ್ದಾಗ ಬುತ್ತಿ ತಂದುಕೊಟ್ಟವನು. ಒಳಗೆ ಫ್ಯಾನುಗಳ ಮೊರೆತ, ಚಳಿ. ಅವನು ಸ್ವೆಟರಿನ ಮೇಲೆ ಮಫ್ಲರು ಸುತ್ತಿಕೊಂಡು ಕೂತಿದ್ದ.

ಅವಳು ಎಲ್ಲವನ್ನೂ ಹೇಳಿದಳು, ಬೆಳಗಿನ ಜಾವದ ಆಟವನ್ನೂ ಸೇರಿಸಿ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ರಜಾಕ್ ಅವಳ ಖಾತೆಯನ್ನು ದೊಡ್ಡ ಸ್ಕ್ರೀನಿಗೆ ತಂದ. ಒಂದು ಮಗ್ಗುಲಲ್ಲಿ ಮೂಲ ಪ್ರತಿಯ ಸಂಖ್ಯೆ, ಇನ್ನೊಂದು ಮಗ್ಗುಲಲ್ಲಿ ಅವಳ ಮನೆಯಿಂದ ಬರುತ್ತಿದ್ದ ಸಂಖ್ಯೆ. ಮೂಲದ್ದು ಕಲ್ಲಿನಲ್ಲಿ ಕೆತ್ತಿದಂತೆ ಅಲುಗಾಡದೆ ಇತ್ತು. ಮನೆಯದ್ದು ಅವರು ನೋಡುತ್ತಿದ್ದಂತೆ ಬದಲಾಯಿತು. ಸ್ವಲ್ಪ ತಡೆದು ಮತ್ತೆ ಬದಲಾಯಿತು.

"ಗೇಮು ಮುಚ್ಚಿಲ್ಲೇನ ತಂಗಿ?"

ಅವಳು ತಲೆ ಅಲ್ಲಾಡಿಸಿದಳು.

"ದಿನಾ ಮಂದಿಗೆ ಹೇಳೂದು ಏನು, ಮನ್ಯಾಗ ಮಾಡೂದು ಏನು," ಎಂದು ನಕ್ಕವನು ಅವಳ ಮುಖ ನೋಡಿ ನಗು ನಿಲ್ಲಿಸಿದ. ಆಮೇಲೆ ಕನ್ನಡಕ ಏರಿಸಿ ಮತ್ತೆ ಸ್ಕ್ರೀನಿನ ಹತ್ತಿರ ಬಾಗಿದ. ಗೇಮು ಹಿಂದೆ ನಡೆದಿದ್ದರೆ ಫೈಲು ತೆರೆದಿರುತ್ತದೆ, ಅಷ್ಟಕ್ಕೇ ಪರಿಶೀಲನೆ ತಡೆಯುತ್ತದೆ, ನಿಜ. ಆದರೆ ತೆರೆದಿದ್ದ ಮಾತ್ರಕ್ಕೆ ಅದರೊಳಗೆ ಬರಹ ಬೀಳುವುದಿಲ್ಲ. ನೆರಳು ತನ್ನಿಂದ ತಾನು ಏನನ್ನೂ ಕಲಿಯುವುದಿಲ್ಲ, ಹಾಗೆ ಕಲಿತರೆ ಪ್ರತಿ ತಪ್ಪೂ ಬೆಳೆಯುತ್ತ ಹೋಗಿ ಕೊನೆಗೆ ನೆರಳು ಯಾರನ್ನೂ ಹೋಲುವುದಿಲ್ಲ. ಅದಕ್ಕಾಗಿಯೇ ಮೊದಲಿನಿಂದ ಹಾಗೆ ಕಟ್ಟಿದ್ದರು. ಜೀವಂತ ಕೈಯೊಂದು ಕಂಟ್ರೋಲರ್ ಹಿಡಿದಾಗ ಮಾತ್ರ ಬರಹ ಬೀಳುತ್ತದೆ.

"ಇದು ಕೆಟ್ಟ ಫೈಲ್ ಅಲ್ಲ ತಂಗಿ. ಯಾರೋ ಆಡಾಕತ್ತಾರ. ಈಗ. ಬಲಗಡೆ ಆಸನದಾಗ, ಹುಟ್ಟಿನ ಕಡೆ."

ಸಂಖ್ಯೆ ಮತ್ತೆ ಬದಲಾಯಿತು.

ಅವಳಿಗೆ ಮೊದಲು ನೆನಪಾದದ್ದು ಗುಂಡಿ ಹಾಕುತ್ತಿದ್ದ ಎಡಗೈ. ಮನೆಯಲ್ಲಿ ಈಗ ಅವರು ಮತ್ತು ಗಂಗಕ್ಕ ಇಬ್ಬರೇ ಇರುವುದು ಎಂದಳು.

ರಜಾಕ್ ಕನ್ನಡಕ ತೆಗೆದು ಮಫ್ಲರಿನ ತುದಿಯಿಂದ ಒರೆಸಿದ. ನಂತರ ಇರುವುದನ್ನು ಇದ್ದ ಹಾಗೆ ಹೇಳಿದ. ಬೇಕಿದ್ದರೆ ಇಲ್ಲಿಂದಲೇ ಗೇಮನ್ನು ನಿಲ್ಲಿಸಿ ಮೂಲ ಪ್ರತಿಯನ್ನು ಮೇಲೆ ಬರೆಯಬಹುದು. ಒಂದು ನಿಮಿಷದ ಕೆಲಸ, ಅವಳಿಗೆ ಬೇಕಾದವನು ಇದ್ದ ಹಾಗೇ ವಾಪಸು ಬರುತ್ತಾನೆ. ಇಲ್ಲವೇ ಮನೆಯಲ್ಲಿ ಗೇಮು ಮುಚ್ಚಿ, ಮನೆಯ ಫೈಲನ್ನೇ ಉಳಿಸಬಹುದು, ಆಗ ಸರ್ವರಿನ ಪ್ರತಿ ಅಳಿದುಹೋಗುತ್ತದೆ. ಎರಡನ್ನೂ ಇಡಲು ಜಾಗವಿಲ್ಲ. ಒಂದು ಖಾತೆಗೆ ಒಂದೇ ಫೈಲು, ಅದು ಅವನ ಕೈಯಲ್ಲಿಲ್ಲ.

"ಹಾಕ್ಲೇನು?" ಎಂದ.

ಅವಳ ಬಾಯಿಯಲ್ಲಿ 'ಹಾಕ್ರಿ' ಎಂಬ ಮಾತು ಸಿದ್ಧವಾಗಿತ್ತು. ವಾರವಿಡೀ ಅದನ್ನೇ ಬಯಸಿದ್ದಳು. ಟಕ್ ಟಕ್ ಎಂಬ ಸದ್ದು ಕಿವಿಯಲ್ಲಿ ಕೇಳಿದಂತಾಯಿತು. ಆ ಕ್ಷಣಕ್ಕೆ ಸಂಖ್ಯೆ ಇನ್ನೊಮ್ಮೆ ಬದಲಾಯಿತು.

"ಒಂದರ ತನಕ ತಡೀರಿ ಸರ್," ಎಂದು ಅವಳು ಚೀಲ ಎತ್ತಿಕೊಂಡಳು.

*

ಬಾಗಿಲು ತೆರೆದ ಗಂಗಕ್ಕ ಅವಳನ್ನು ಕಂಡು ಗಾಬರಿಯಾಗಿ ತುಟಿಯ ಮೇಲೆ ಬೆರಳಿಟ್ಟಳು. ಆಮೇಲೆ ಅದು ತಪ್ಪೆನಿಸಿ ಕೈ ಇಳಿಸಿದಳು.

"ಹೇಳಬ್ಯಾಡ ಅಂದಿದ್ದ," ಎಂದು ಪಿಸುಗುಟ್ಟಿದಳು. "ನೆಟ್ಟಗ ಬಂದ ಮ್ಯಾಲ ತೋರಸ್ತಾನಂತ. ಬೈಬ್ಯಾಡವ್ವ ಅವಗ."

ಅವನು ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದ. ಬಿದ್ದುಹೋಗದಂತೆ ಕಂಟ್ರೋಲರನ್ನು ಮಡಿಸಿದ ಟವೆಲ್ಲಿನ ಮೇಲಿಟ್ಟು, ಮೊಣಕಾಲಿಗೂ ಸತ್ತ ಬಲಗೈಗೂ ನಡುವೆ ಒತ್ತಿ ಹಿಡಿದಿದ್ದ. ಬಲಗೈ ಮಾಡಬೇಕಾದದ್ದನ್ನೂ ಎಡಗೈಯೇ ಮಾಡುತ್ತಿತ್ತು, ಹೆಬ್ಬೆರಳನ್ನು ಒಂದು ಗುಂಡಿಯಿಂದ ಇನ್ನೊಂದಕ್ಕೆ ದಾಟಿಸುತ್ತ. ದಾಟುವ ಆ ಹೊತ್ತಿನಲ್ಲಿ ದೋಣಿಗೆ ಹುಟ್ಟಿರುತ್ತಿರಲಿಲ್ಲ. ಹೊಳೆ ಅದನ್ನು ತನಗೆ ಬೇಕಾದ ಕಡೆ ಎಳೆಯುತ್ತಿತ್ತು. ಅವಳು ಬೆಳಗಿನ ಜಾವಗಳಲ್ಲಿ ಕಂಡಿದ್ದ ತೂತುಗಳು ಇವೇ.

ಅವನ ಪಕ್ಕದ ಆಸನದಲ್ಲಿ ಒಬ್ಬಳು ಕೂತಿದ್ದಳು. ಚುಕ್ಕಾಣಿ ಹಿಡಿದ ನೆರಳು. ಅನಸೂಯಾಳ ನೆರಳು.

ಇದೊಂದನ್ನು ಅವಳು ಯೋಚಿಸಿಯೇ ಇರಲಿಲ್ಲ. ಅವಳಿಲ್ಲದಾಗ ಅವನು ಆಡಿದರೆ ಅವನ ಜೊತೆಗೆ ಬರುವವಳು ಅವಳೇ.

ದೋಣಿ ಇಕ್ಕಟ್ಟಿನ ದಾರಿಗೆ ಬಂತು. ಅವನ ಕುತ್ತಿಗೆಯ ನರಗಳು ಬಿಗಿದವು. ಒಂದು ಹುಟ್ಟು ಸರಿಯಾಗಿ ಬಿತ್ತು. ಎರಡನೆಯದೂ ಬಿತ್ತು. ಮೂರನೆಯದಕ್ಕೆ ಹೆಬ್ಬೆರಳು ದಾಟುವಾಗ ತುಸು ತಡವಾಯಿತು, ಇನ್ನೂ ಸರಿಹೋಗಬಹುದಾದಷ್ಟೇ ತಡ. ಅಷ್ಟರಲ್ಲಿ ನೆರಳು ಚುಕ್ಕಾಣಿಯನ್ನು ಫಕ್ಕನೆ ಎಳೆಯಿತು. ದೋಣಿ ಒಮ್ಮೆಲೇ ತಿರುಗಿ ಬಂಡೆಗೆ ಬಡಿಯಿತು. ಅವನು ಸಿಟ್ಟಾಗಲಿಲ್ಲ. ದೋಣಿಯನ್ನು ಹಿಂದಕ್ಕೆ ತೆಗೆದುಕೊಂಡು ಮತ್ತೆ ದಾರಿಯ ಬಾಯಿಗೆ ತಂದ. ಮತ್ತೆ ಒಂದು, ಎರಡು. ಮತ್ತೆ ನೆರಳು ಕಿತ್ತುಕೊಂಡಿತು. ಮತ್ತೆ ಅವನು ಹಿಂದೆ ಹೋದ.

ಅದು ಅವಳ ಕೈ. ಅವಳಿಗೆ ಅನುಮಾನವೇ ಉಳಿಯಲಿಲ್ಲ. ಕಾಯಲಾರದೆ ಎಳೆಯುವ ಆ ಝಟಕೆ, ಅಂಗಿಯ ಗುಂಡಿ ಹಾಕುವ ಕೈಯದ್ದೇ, ಅವನು ಹೇಳಲು ಹೊರಟ ಮಾತನ್ನು ತಾನೇ ಮುಗಿಸುವ ನಾಲಿಗೆಯದ್ದೇ. ಬೆಳಗಿನ ಜಾವದಲ್ಲಿ ಅವಳು ನೆರಳಿಗೆ ಮಾಡಿದ್ದನ್ನೆಲ್ಲ ಅದೇ ಹಗಲು ಅವಳ ನೆರಳು ಅವನಿಗೆ ಮಾಡುತ್ತಿತ್ತು. ಆದರೂ ಅವನು ದಿನವೂ ಬಂದು ಅವಳ ಪಕ್ಕ ಕೂರುತ್ತಿದ್ದ.

ಅವಳು ಸದ್ದಿಲ್ಲದೆ ಹೋಗಿ ಸ್ಟೂಲು ಎಳೆದುಕೊಂಡಳು. ಅವನು ಬೆಚ್ಚಿ, ಸ್ಕ್ರೀನು ಆರಿಸಲು ಕೈ ಚಾಚಿದ. ಅವಳು ಆ ಕೈಯನ್ನು ಹಿಡಿದು ಮತ್ತೆ ಕಂಟ್ರೋಲರಿನ ಮೇಲಿಟ್ಟಳು. ಇನ್ನೊಂದು ಕಂಟ್ರೋಲರನ್ನು ತಾನು ಎತ್ತಿಕೊಂಡಳು. ಸ್ಕ್ರೀನಿನಲ್ಲಿ ಅವಳ ನೆರಳು ಎದ್ದು ಜಾಗ ಬಿಟ್ಟಿತು.

ಇಕ್ಕಟ್ಟಿನ ದಾರಿ. ಒಂದು ಹುಟ್ಟು, ಎರಡು. ಹೆಬ್ಬೆರಳು ದಾಟತೊಡಗಿತು. ಅವಳ ಕೈ ತಾನಾಗಿಯೇ ಬಿಗಿಯಿತು. ಅವಳು ಅದನ್ನು ಸಡಿಲ ಬಿಟ್ಟಳು. ಬಂಡೆ ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ಮೂರನೆಯ ಹುಟ್ಟು ಬಿತ್ತು. ದೋಣಿಯ ಪಕ್ಕೆ ಬಂಡೆಗೆ ಸವರಿಕೊಂಡು ಆಚೆಗೆ ಜಾರಿತು.

ಅವನ ಗಂಟಲಿನಿಂದ ಒಂದು ಸದ್ದು ಬಂತು. ಅದು ನಗು.

ಆಚೆ ದಡದಲ್ಲಿ ದೋಣಿಯನ್ನು ಅತ್ತಿಮರಕ್ಕೆ ಕಟ್ಟಿದ ಮೇಲೆ ಅವಳು ಅವನಿಗೆ ಎಲ್ಲವನ್ನೂ ಹೇಳಿದಳು, ಮಾತಿಗೆ ಮಾತು ಬಿಡುವು ಕೊಡುತ್ತ. ಬೆಳಗಿನ ಜಾವದ ವಿಷಯವನ್ನೂ ಹೇಳಿದಳು. ಅವನು ಅದಕ್ಕೆ ಮಾತ್ರ ಆಶ್ಚರ್ಯಪಡಲಿಲ್ಲ. ಒಳಕೋಣೆಯ ಮಂಚದ ಕಡೆಗೂ ಆಮೇಲೆ ತನ್ನ ಕಿವಿಯ ಕಡೆಗೂ ಬೆರಳು ತೋರಿಸಿದ. ಕೇಳಿಸುತ್ತಿತ್ತು. ಹುಟ್ಟಿನ ಸದ್ದು ಕೇಳುತ್ತ ಅವನು ಅಷ್ಟು ದಿನ ಎಚ್ಚರವಾಗಿಯೇ ಮಲಗಿರುತ್ತಿದ್ದ.

ಗೇಮು ಮುಚ್ಚದೆ ಗತಿಯಿಲ್ಲ ಎಂದಾಗ ಅವನು ಸ್ವಲ್ಪ ಯೋಚಿಸಿ, ದೀಪ ಉರಿಯುತ್ತಿದೆಯೇ ಎಂದು ನೋಡಿ, "ಬ... ಬರ್ತೀನಿ," ಎಂದು ಹೊಳೆಗೆ ಹೇಳಿದ. ಅವಳು 'ಹೊರಗೆ' ಒತ್ತಿದಳು. ಏನೂ ಆಗಲಿಲ್ಲ. ಗೋಡೆಯ ಗಡಿಯಾರ ಒಂದಕ್ಕೆ ಸಮೀಪಿಸುತ್ತಿತ್ತು, ಹೊರಗೆ ತರಕಾರಿ ಗಾಡಿಯವನು ಕೂಗುತ್ತ ಹೋದ. ನೀಲಿ ಪಟ್ಟಿ ಒಮ್ಮೆ ಅಲುಗಿ, ವಾರದಿಂದ ಅವಳು ಕಾಯುತ್ತಿದ್ದ ಪ್ರಶ್ನೆಯನ್ನು ತಂದು ಮುಂದಿಟ್ಟಿತು. 'ಮೂಲ ಪ್ರತಿ ತರು'. 'ಇದನ್ನೇ ಉಳಿಸು'.

ಕೈ ಅವನದು, ಉತ್ತರವೂ ಅವನದೇ ಆಗಲಿ ಎಂದು ಅವಳು ಕಂಟ್ರೋಲರನ್ನು ಅವನ ತೊಡೆಯ ಮೇಲಿಟ್ಟಳು.

ಅವನ ಹೆಬ್ಬೆರಳು ತಡಮಾಡದೆ ಮೊದಲನೆಯದಕ್ಕೆ ಹೋಯಿತು.

"ಅವಾ..." ಎಂದ. ಮುಂದಿನ ಮಾತು ಸಿಗಲು ಹೊತ್ತು ಹಿಡಿಯಿತು. ಅವಳಿಗೆ ಅದು ಏನೆಂದು ತಿಳಿದಿತ್ತು. ಆದರೂ ಅವಳು ಅದನ್ನು ಹೇಳಿ ಮುಗಿಸಲಿಲ್ಲ. "...ಚೊಲೊ."

"ಚೊಲೊನ ಇದ್ರು," ಎಂದಳು ಅನಸೂಯಾ. "ಅವರಂಥಾವ್ರು ನನಗ ಮತ್ತ ಸಿಗಂಗಿಲ್ಲ. ಆದ್ರ ಅವರು ಬರೇ ಹೊಳ್ಯಾಗ ಇರ್ತಾರ್ರಿ. ನೀವು ಮನ್ಯಾಗ ಇದ್ದೀರಿ."

ಅವನು ಅವಳನ್ನು ನೋಡಿದ. ಆಮೇಲೆ ಹೆಬ್ಬೆರಳನ್ನು ಪಕ್ಕಕ್ಕೆ ಸರಿಸಲು ಶುರುಮಾಡಿದ. ಅದು ಜಾರಿತು. ಮತ್ತೆ ಸರಿಸಿದ. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಳು. ಬಾಗಿಲಲ್ಲಿ ನಿಂತಿದ್ದ ಗಂಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಕೊನೆಗೆ ಅವನು ಒತ್ತಿದ.

ತೊಂಬತ್ತೆಂಟು. ಆ ಒಂದು ಅಂಕಿ ದಾಟುವಷ್ಟರಲ್ಲಿ ದೂರದ ಚಳಿಯ ಕೋಣೆಯಲ್ಲಿ, ಕಲ್ಲಿನಲ್ಲಿ ಕೆತ್ತಿದಂತಿದ್ದ ಸಂಖ್ಯೆ ಅಳಿಸಿಹೋಗಿತ್ತು. ನೀರು ಸಿಡಿಸುವವನು, ಬಂಡೆಗಳ ನಡುವೆ ಬೇಕೆಂದೇ ನುಗ್ಗುವವನು ಇನ್ನೆಲ್ಲೂ ಇರಲಿಲ್ಲ. ಅನಸೂಯಾ ಅಳುತ್ತಿದ್ದಳು. ಒಂದೂವರೆ ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಅಳಲಾಗದೆ ಉಳಿದದ್ದು ಅದು. ತೊಂಬತ್ತೊಂಬತ್ತು. ನೂರು.

ಹೊಳೆ ಮತ್ತೆ ತೆರೆದುಕೊಂಡಿತು. ದೀಪ ಉರಿಯುತ್ತಿತ್ತು. ಅವನು ಹಗ್ಗ ಬಿಚ್ಚಿದ. ಈಚೆ ದಡದಲ್ಲಿ ಒಬ್ಬ ಮುದುಕಿ ಎರಡು ಕುರಿಗಳೊಡನೆ ಕಾಯುತ್ತಿದ್ದಳು. ದೋಣಿ ನಡುನೀರಿ‍ನಲ್ಲಿ ಒಂದಿಷ್ಟು ಅಲೆದಾಡಿ, ಜೊಂಡುಹುಲ್ಲಿಗೆ ಒಮ್ಮೆ ನುಗ್ಗಿ, ಹೊರಬಂದು, ದಡದತ್ತ ತಿರುಗಿತು.

ದಡ ಸಮೀಪಿಸಿದಾಗ ಅವನು ಹುಟ್ಟನ್ನು ಎತ್ತಿ ಒಂದು ಸಣ್ಣ ಏಟು ಹಾಕಿದ. ಟಕ್.

ಹೆಬ್ಬೆರಳು ದಾಟತೊಡಗಿತು. ಅವಳು ಚುಕ್ಕಾಣಿಯನ್ನು ಅಲುಗಿಸದೆ ಹಿಡಿದು, ಕಣ್ಣು ಮುಚ್ಚದೆ, ಎರಡನೆಯದಕ್ಕೆ ಕಾದಳು.